ಕುರ್ಚಿಯಲ್ಲಿ ಕೂತವರಿಗೂ ಒಂದು ಕೈ ಸಿಗಬೇಕಲ್ವಾ? ನೈನ್-ಬಾಲ್ ರೂಲ್ಸ್ ಬದಲಾಯಿಸುವ ಬಗ್ಗೆ

ಜೆಸಿರೋಡ್_ಕ್ಯೂ:

ಎಲ್ಲರಿಗೂ ನಮಸ್ಕಾರ. ಪೂಲ್ ಆಡುವವರೂ ನೋಡುವವರೂ ಇಲ್ಲಿ ಇದ್ದೀರಿ ಅಂತ ಈ ಪ್ರಶ್ನೆ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಊರಲ್ಲೇ ಒಂದು ಸಣ್ಣ ನೈನ್-ಬಾಲ್ ಟೂರ್ನಿಗೆ ಹೆಸರು ಕೊಟ್ಟಿದ್ದೆ. ಎಲ್ಲಿ, ಯಾರು ನಡೆಸಿದ್ದು ಅನ್ನೋದು ಬೇಡ, ಅವರ ತಪ್ಪೇನೂ ಇಲ್ಲ. ಗೊತ್ತಿಲ್ಲದವರಿಗೆ: ನೈನ್-ಬಾಲ್ ಪೂಲ್‌ನ ಒಂದು ಬಗೆ. ಟೇಬಲ್ ಮೇಲಿರುವ ಬಾಲ್‌ಗಳಲ್ಲಿ ಚಿಕ್ಕ ನಂಬರಿನದಕ್ಕೇ ಬಿಳಿ ಬಾಲ್ ಮೊದಲು ತಾಗಬೇಕು, ಒಂಬತ್ತನೆಯದನ್ನು ಪಾಕೆಟ್‌ಗೆ ಹಾಕಿದವರಿಗೆ ಆ ರ‍್ಯಾಕ್, ಅಂದರೆ ಒಂದು ಗೇಮ್. ಗುಂಪು ಒಡೆಯುವ ಮೊದಲ ಹೊಡೆತ ಬ್ರೇಕ್. ಬಾಲ್ ಬೀಳುತ್ತಿರುವವರೆಗೂ ಸರದಿ ಹೊಡೆದವರದೇ. ಮೊದಲು 7 ರ‍್ಯಾಕ್ ಗೆದ್ದವರಿಗೆ ಮ್ಯಾಚ್, ಗೆದ್ದವರದೇ ಮುಂದಿನ ಬ್ರೇಕ್. ಭಾನುವಾರ ಅಂಗಡಿಗೆ ರಜೆ, ಬೆಳಗ್ಗೆ ಒಂಬತ್ತಕ್ಕೇ ಹೋಗಿ ಕೂತೆ. ನನ್ನ ಮ್ಯಾಚ್ ಬಂದಿದ್ದು ಮಧ್ಯಾಹ್ನ ಎರಡೂವರೆಗೆ. ಮೊದಲ ಬ್ರೇಕ್ ಯಾರದು ಅಂತ ನಿರ್ಧರಿಸುವ ಲ್ಯಾಗ್‌ನಲ್ಲಿ ಎದುರಾಳಿ ಗೆದ್ದ. ಬ್ರೇಕ್ ಮಾಡಿದ, ಒಂದು ಬಾಲ್ ಬಿತ್ತು, ಅಲ್ಲಿಂದ ಒಂಬತ್ತರವರೆಗೆ ಮುಗಿಸಿದ. ಎರಡನೇ ರ‍್ಯಾಕ್ ಕೂಡ ಹಾಗೇ. ಮೂರನೆಯದರಲ್ಲಿ ನನ್ನ ಸರದಿ ಬಂತು, ಆದರೆ ಒಂದನೇ ಬಾಲ್ ಏಳನೆಯದರ ಹಿಂದೆ ಅಡಗಿ ಕೂತಿತ್ತು. ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್‌ಗೆ) ಹೊಡೆದು ತಾಗಿಸಲು ನೋಡಿದೆ, ಕೂದಲೆಳೆಯಲ್ಲಿ ತಪ್ಪಿತು, ಫೌಲ್. ಅವನು ಬಿಳಿ ಬಾಲ್ ಕೈಯಲ್ಲಿ ಎತ್ತಿಕೊಂಡು ಬೇಕಾದ ಜಾಗದಲ್ಲಿ ಇಟ್ಟು ಆ ರ‍್ಯಾಕೂ ಮುಗಿಸಿದ. ಕೊನೆಗೆ 7–0. ಇಡೀ ಮ್ಯಾಚ್‌ನಲ್ಲಿ ನಾನು ಟೇಬಲ್ ಹತ್ತಿರ ಹೋಗಿದ್ದು ನಾಲ್ಕು ಸಲ.

ಅವನು ನನಗಿಂತ ಚೆನ್ನಾಗಿ ಆಡಿದ, ಗೆದ್ದ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕುರ್ಚಿಯಲ್ಲಿ ಕೂತು ಕೂತು ಎಸಿ ಗಾಳಿಗೆ ಕೈ ತಣ್ಣಗಾಗುತ್ತದೆ, ಬೆರಳು ಬಿಗಿಯಾಗುತ್ತವೆ. ಸುಮ್ನೆ ಇರಲಾರದೆ ಕ್ಯೂ ಕೋಲಿನ ಟಿಪ್‌ಗೆ ಚಾಕ್ ಹಚ್ಚುತ್ತಾ ಕೂತಿದ್ದೆ. ನನ್ನ ಕಪ್ಪು ಪ್ಯಾಂಟಿನ ಮಂಡಿ ಮೇಲೆಲ್ಲಾ ನೀಲಿ ಪುಡಿ. ಮನೆಗೆ ಬಂದಾಗ ಅಮ್ಮ ಅದನ್ನು ನೋಡಿ "ತುಂಬಾ ಆಡಿದೆಯೇನೋ" ಅಂದರು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಇದು ನಮ್ಮ ಮಟ್ಟದ ಮಾತಾದರೆ ಬಿಟ್ಟುಬಿಡುತ್ತಿದ್ದೆ. ದೊಡ್ಡವರ ಆಟದಲ್ಲೂ ಇದೇ ಕಥೆ. ರಾತ್ರಿ ಊಟ ಆದಮೇಲೆ ಅಪ್ಪನ ಜೊತೆ ಯೂಟ್ಯೂಬ್‌ನಲ್ಲಿ ಪ್ರೊ ಮ್ಯಾಚ್ ಹಾಕುತ್ತೇನೆ. 2024ರ ವರ್ಲ್ಡ್ ಪೂಲ್ ಚಾಂಪಿಯನ್‌ಶಿಪ್ ಫೈನಲ್, ಜೆಡ್ಡಾದಲ್ಲಿ ನಡೆದದ್ದು, ಫೆಡರ್ ಗೋರ್ಸ್ಟ್ ಮತ್ತು ಎಕ್ಲೆಂಟ್ ಕಾಚಿ, 15–14. ಅಪ್ಪ ಕದಲದೆ ನೋಡಿದರು. ಆದರೆ ಎಲ್ಲ ಮ್ಯಾಚೂ ಹಾಗಿರುವುದಿಲ್ಲ. ಒಬ್ಬರು ನಾಲ್ಕೈದು ರ‍್ಯಾಕ್ ಸತತವಾಗಿ ಹೊಡೆಯುತ್ತಾರೆ, ಇನ್ನೊಬ್ಬರು ಟವೆಲ್ ಹಿಡಿದು ಕೂತಿರುತ್ತಾರೆ. ಒಂದು ದಿನ ಅಪ್ಪ ಕೇಳಿದರು, "ಆ ಹುಡುಗ ಅಷ್ಟು ದೂರದಿಂದ ಬಂದಿದ್ದಾನೆ, ಅವನಿಗೆ ಆಡೋಕೆ ಯಾವಾಗ ಕೊಡ್ತಾರೆ?"

ಅದೇ ನನ್ನ ಪ್ರಶ್ನೆ. ಬೇರೆ ಯಾವ ಆಟದಲ್ಲಿ ಹೀಗಿದೆ? ಟೆನಿಸ್‌ನಲ್ಲಿ ಎದುರಾಳಿಯ ಸರ್ವಿಸ್ ಎಷ್ಟೇ ಜೋರಿರಲಿ, ಬ್ಯಾಟು ಅಡ್ಡ ಹಿಡಿಯುವ ಹಕ್ಕಾದರೂ ಇದೆ. ಪೂಲ್‌ನಲ್ಲಿ ಆ ಹಕ್ಕೂ ಇಲ್ಲ. ನನಗೆ ತೋಚಿದ್ದು ಎರಡು. ಒಂದು, ಸತತ ಎರಡು ರ‍್ಯಾಕ್ ಗೆದ್ದರೆ ಮೂರನೇ ಬ್ರೇಕ್ ಎದುರಾಳಿಗೆ ಹೋಗಬೇಕು. ಇಲ್ಲವಾದರೆ, ಬ್ರೇಕ್ ಯಾರೇ ಮಾಡಲಿ, ಆಮೇಲೆ ಟೇಬಲ್ ನೋಡಿ ಮೊದಲು ಯಾರು ಆಡಬೇಕು ಅನ್ನುವುದನ್ನು ಕೂತಿರುವವರು ಹೇಳಬೇಕು. ನಿಮಗೆ ಏನನ್ನಿಸುತ್ತದೆ? ಪ್ರೊ ಆಟದಲ್ಲಿ ಒಂದೇ ಒಂದು ರೂಲ್ ಬದಲಾಯಿಸುವ ಅಧಿಕಾರ ಕೊಟ್ಟರೆ ಯಾವುದನ್ನು ಮುಟ್ಟುತ್ತೀರಿ?

ಹಳೇ_ಮಾರ್ಕರ್:

ಒಳ್ಳೆ ಪ್ರಶ್ನೆ ತಮ್ಮಾ. ನಾನು ಆಟಗಾರ ಅಲ್ಲ. ಕಂಟೋನ್ಮೆಂಟ್ ಕಡೆಯ ಒಂದು ಕ್ಲಬ್ಬಿನಲ್ಲಿ 30 ವರ್ಷ ಮಾರ್ಕರ್ ಆಗಿದ್ದೆ. ಬಾಲ್ ಸ್ಪಾಟ್ (ಟೇಬಲ್ ಮೇಲಿನ ಗುರುತು) ಮೇಲೆ ಇಡುವುದು, ಸ್ಕೋರ್ ಕೂಗುವುದು, ರೆಸ್ಟ್ ಕೋಲು ಎತ್ತಿ ಕೊಡುವುದು ನನ್ನ ಕೆಲಸ. ಹಾಗಾಗಿ ಕುರ್ಚಿಯಲ್ಲಿ ಕೂತವರ ಮುಖವನ್ನು ಆಡುವವರ ಮುಖಕ್ಕಿಂತ ಜಾಸ್ತಿ ನೋಡಿದ್ದೇನೆ. ಆಡುವವರು ಟೇಬಲ್ ಮೇಲೆ ಬಗ್ಗಿರುತ್ತಾರಲ್ಲ.

ನೀನು ಹೇಳುವ ಕಾಯಿಲೆ ಹಳೆಯದು. ಪೂಲ್‌ಗಿಂತ ಮುಂಚೆ ಬಿಲಿಯರ್ಡ್ಸ್‌ಗೆ ಬಂದಿತ್ತು. 1907ರಲ್ಲಿ ಇಂಗ್ಲೆಂಡಿನ ಟಾಮ್ ರೀಸ್ ಎಂಬ ಆಟಗಾರ ಎರಡು ಬಾಲ್‌ಗಳನ್ನು ಮೂಲೆಯ ಪಾಕೆಟ್ ಬಾಯಲ್ಲಿ ತೊಟ್ಟಿಲಿನ ಹಾಗೆ ನಿಲ್ಲಿಸಿಕೊಂಡು ಕ್ಯಾನನ್ (ತನ್ನ ಬಾಲ್ ಉಳಿದೆರಡಕ್ಕೂ ತಾಗುವ ಹೊಡೆತ) ಮೇಲೆ ಕ್ಯಾನನ್ ಹೊಡೆಯುತ್ತಾ ಹೋದ. ಒಂದು ದಿನ ಅಲ್ಲ, ವಾರಗಟ್ಟಲೆ. ಬ್ರೇಕ್ (ಬಿಲಿಯರ್ಡ್ಸ್‌ನಲ್ಲಿ ಬ್ರೇಕ್ ಅಂದರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ) ಎಷ್ಟು ಗೊತ್ತಾ? 4,99,135. ಹೌದು, ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಎದುರಾಳಿ ಏನು ಮಾಡಿರಬೇಕು ಯೋಚಿಸು. ಆಮೇಲೆ ಆ ಶಾಟನ್ನೇ ನಿಷೇಧ ಮಾಡಿದರು. ಮುಂದೆ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ ಬಂದ. ಅವನು ಬಾಲ್‌ಗಳನ್ನು ಕುಶನ್ ಪಕ್ಕ ಮಕ್ಕಳನ್ನು ನಡೆಸಿದ ಹಾಗೆ ನಡೆಸಿಕೊಂಡು ಹೋಗುತ್ತಿದ್ದ. 1932ರಲ್ಲಿ ಒಂದೇ ಸರದಿಯಲ್ಲಿ 4,137 ಹೊಡೆದ. ಅದಕ್ಕೂ ರೂಲ್ ತಂದರು. ಇಂತಿಷ್ಟು ಅಂಕದೊಳಗೆ ಬಿಳಿ ಬಾಲ್ ಒಮ್ಮೆ ಬಾಕ್ ಲೈನ್ (ಟೇಬಲ್‌ನ ಒಂದು ತುದಿಯ ಅಡ್ಡಗೆರೆ) ದಾಟಲೇಬೇಕು ಅಂತ. ಅಂದರೆ ಒಂದೇ ಮೂಲೆಯಲ್ಲಿ ಕೂತು ಸಂಸಾರ ಮಾಡುವ ಹಾಗಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಲಿಂಡ್ರಮ್ ಕೈಯಿಂದ ಕ್ಯೂ ಕಿತ್ತುಕೊಂಡು ಎದುರಾಳಿಗೆ ಕೊಡಲಿಲ್ಲ. ಅವನ ದಾರಿಯನ್ನು ಕಷ್ಟ ಮಾಡಿದರು, ಅಷ್ಟೇ. ಅದು ದೊಡ್ಡ ವ್ಯತ್ಯಾಸ.

ನಮ್ಮ ಊರಿನ ಪಂಕಜ್ ಅಡ್ವಾಣಿ ಆಡುವ ಬಿಲಿಯರ್ಡ್ಸ್‌ನಲ್ಲೂ ಈಗ ಎರಡು ಬಗೆ ಇದೆ. ಒಂದು ಸಮಯದ ಲೆಕ್ಕದ್ದು, ಇನ್ನೊಂದು 150 ಅಂಕದ ಚಿಕ್ಕ ಗೇಮ್‌ಗಳದ್ದು. ಚಿಕ್ಕ ಗೇಮ್‌ನಲ್ಲಿ ಒಬ್ಬರು ಎಷ್ಟೇ ಚೆನ್ನಾಗಿ ಹೊಡೆದರೂ 150ಕ್ಕೆ ನಿಲ್ಲಲೇಬೇಕು, ಆಮೇಲೆ ಹೊಸ ಲೆಕ್ಕ. 2005ರಲ್ಲಿ ಒಂದೇ ವರ್ಷ ಪಂಕಜ್ ಎರಡೂ ವಿಶ್ವ ಪ್ರಶಸ್ತಿ ಗೆದ್ದರು. ನಿಜವಾದ ಆಟಗಾರನಿಗೆ ರೂಲ್ ಬದಲಾದರೂ ಆಟ ಬದಲಾಗುವುದಿಲ್ಲ ಅನ್ನುವುದಕ್ಕೆ ನನಗೆ ಅವರೇ ಸಾಕ್ಷಿ.

ರೂಲ್ ಅಂದರೆ ಕಲ್ಲಿನ ಮೇಲೆ ಕೆತ್ತಿದ್ದು ಅಂತ ಹೆದರುವವರಿಗೆ ಇನ್ನೊಂದು ಮಾತು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಸೈನಿಕರ ಮೆಸ್‌ನಲ್ಲಿ. ರೂಲ್ಸ್ ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ, 1882ರಲ್ಲಿ. ಬಸ್ಸು ಹತ್ತಿದರೆ ಒಂದು ದಿನದ ದಾರಿ. ಮಳೆಗೆ ಹೊರಗೆ ಹೋಗಲಾಗದೆ ಕೂತ ಮನುಷ್ಯರು ಮಾಡಿದ ರೂಲ್ಸ್ ಅವು. ಮನುಷ್ಯರೇ ಬದಲಾಯಿಸಬಹುದು.

ನನ್ನ ಉತ್ತರ: ಬ್ರೇಕ್ ಕಿತ್ತುಕೊಳ್ಳಬೇಡ. ಪುಶ್-ಔಟ್ ಅನ್ನು ಗಟ್ಟಿ ಮಾಡು. ಪೂಲ್‌ನಲ್ಲಿ ನನಗೆ ಅತಿ ಇಷ್ಟವಾದ ರೂಲ್ ಅದು. ಬ್ರೇಕ್ ಆದ ಕೂಡಲೇ ಶಾಟ್ ಇಲ್ಲದಿದ್ದರೆ "ಪುಶ್" ಅಂತ ಹೇಳಿ ಬಿಳಿ ಬಾಲ್ ಎಲ್ಲಿಗೆ ಬೇಕಾದರೂ ಸರಿಸಬಹುದು, ಆದರೆ ಆಡುವುದೋ ವಾಪಸ್ ಕೊಡುವುದೋ ಎದುರಾಳಿಯ ಇಷ್ಟ. ಇಬ್ಬರೂ ಒಂದೇ ಟೇಬಲ್ ನೋಡಿ ಯೋಚನೆ ಮಾಡುವ ಕ್ಷಣ ಅದು. ಕೂತವರು ಎದ್ದು ನಿಲ್ಲುತ್ತಾರೆ. ಇಡೀ ರೂಮು ಎದ್ದು ನಿಲ್ಲುತ್ತದೆ. ಈಗ ಅದು ಬ್ರೇಕ್ ಆದಮೇಲೆ ಒಂದೇ ಸಲ. ಹಿಂದೆ ಒಂದು ಫೌಲ್‌ಗೆ ಬಾಲ್ ಕೈಗೆ ಸಿಗುತ್ತಿರಲಿಲ್ಲ, ಎರಡು ಫೌಲ್ ಆಗಬೇಕಿತ್ತು, ಹಾಗಾಗಿ ಆಟದ ಮಧ್ಯದಲ್ಲೂ ಹೀಗೆ ಸರಿಸಿ ಆಡುತ್ತಿದ್ದರು. ಅದನ್ನು ಪೂರ್ತಿ ತರುವುದು ಬೇಡ, ಆಟ ಎಳೆಯುತ್ತದೆ. ಒಂದು ರ‍್ಯಾಕ್‌ಗೆ ಇಬ್ಬರಿಗೂ ಒಂದೊಂದು ಪುಶ್, ಯಾವಾಗ ಬೇಕಾದರೂ. ನಿನ್ನ ಆ ಏಳನೇ ಬಾಲ್ ಹಿಂದೆ ಅಡಗಿದ ಶಾಟ್ ನೆನಪಿಸಿಕೋ. ಪುಶ್ ಇದ್ದಿದ್ದರೆ?

ಕಾಲ್‌ಶಾಟ್_ಮಲ್ಲೇಶ್ವರ:

ಮಾರ್ಕರ್ ಸಾರ್, ನೀವು ಬರೆದಿದ್ದು ಎರಡು ಸಲ ಓದಿದೆ. ಥ್ಯಾಂಕ್ಸ್.

ಜೆಸಿರೋಡ್ ಅಣ್ಣ, ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತದೆ. ಹುಡುಗಿಯರ ಮ್ಯಾಚ್‌ಗಳಲ್ಲಿ ನಾನೂ ಕೂತಿದ್ದೇನೆ, ಎದುರಿಗಿದ್ದವರನ್ನು ಕೂರಿಸಿಯೂ ಇದ್ದೇನೆ. ಆದರೆ ಸತತ ಎರಡಕ್ಕೆ ಕಟ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಸತತ ಐದು ರ‍್ಯಾಕ್ ಹೊಡೆಯುವುದು ಈ ಆಟದ ಶಿಖರ. ಅದಕ್ಕೋಸ್ಕರ ದಿನಾ ಬೆಳಗ್ಗೆ ಆರಕ್ಕೆ ಎದ್ದು ಒಬ್ಬಳೇ ಬ್ರೇಕ್ ಅಭ್ಯಾಸ ಮಾಡುತ್ತೇನೆ. ಎರಡು ಓವರ್ ಚೆನ್ನಾಗಿ ಆಡಿದ ಬ್ಯಾಟ್ಸ್‌ಮನ್‌ನನ್ನು ಸಾಕು ಇಳಿ ಅಂತ ಕರೆಸಿದರೆ ಹೇಗಿರುತ್ತದೆ ಹೇಳಿ. ಯಾವ ನಂಬರಿನ ಬಾಲ್ ಬೇಕಾದರೂ ಹಾಕಬಹುದಾದ ಸ್ಟ್ರೇಟ್ ಪೂಲ್‌ನಲ್ಲಿ ವಿಲ್ಲಿ ಮಾಸ್ಕೋನಿ 1954ರಲ್ಲಿ ಸತತ 526 ಬಾಲ್ ಹಾಕಿದ್ದನ್ನು ಇವತ್ತಿಗೂ ಜನ ಮಾತಾಡುತ್ತಾರೆ. 2022ರಲ್ಲಿ ಜೇಸನ್ ಶಾ 714 ಹಾಕಿದಾಗ ನಾನು ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗಳಿಗೆಲ್ಲಾ ವಿಡಿಯೋ ತೋರಿಸಿದ್ದೆ. ಯಾರೂ ಎದುರಾಳಿ ಯಾಕೆ ಆಡ್ತಿಲ್ಲ ಅಂತ ಕೇಳಲಿಲ್ಲ.

ನನ್ನನ್ನು ಕೇಳಿದರೆ ಕೂತವರಿಗೆ ನಿಜವಾದ ಅನ್ಯಾಯ ಆಗುವುದು ಫ್ಲೂಕ್‌ನಿಂದ, ಅಂದರೆ ಅದೃಷ್ಟಕ್ಕೆ ಬಾಲ್ ಬೀಳುವುದರಿಂದ. ನೈನ್-ಬಾಲ್‌ನಲ್ಲಿ ಯಾವ ಬಾಲ್ ಯಾವ ಪಾಕೆಟ್‌ಗೆ ಅಂತ ಹೇಳಬೇಕಾಗಿಲ್ಲ. ಚಿಕ್ಕ ನಂಬರ್ ಮೊದಲು ತಾಗಿದರೆ ಸಾಕು, ಆಮೇಲೆ ಏನು ಬಿದ್ದರೂ ಸರಿ. ನಾನು ಒಂದು ಮ್ಯಾಚ್‌ನಲ್ಲಿ 6–6 ಇದ್ದಾಗ, ಎದುರಿಗಿದ್ದವಳು ಮೂರನೇ ಬಾಲ್ ಮಿಸ್ ಮಾಡಿದಳು. ಆ ಬಾಲ್ ಮೂಲೆಯ ಪಾಕೆಟ್ ಬಾಯಿಗೆ ಬಡಿದು ಅಡ್ಡಡ್ಡ ಬಂತು, ನಿಧಾನಕ್ಕೆ ಉರುಳಿಕೊಂಡು ಬಂದು ಒಂಬತ್ತನ್ನು ಮುಟ್ಟಿತು. ಒಂಬತ್ತು ನಡು ಪಾಕೆಟ್‌ನ ಅಂಚಿನಲ್ಲಿ ಒಂದು ಕ್ಷಣ ನಿಂತು ಒಳಗೆ ಬಿತ್ತು. ಅವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದೆ. ಮತ್ತೆ ಕೂರಬೇಕೋ, ಹೋಗಿ ಕೈ ಕುಲುಕಬೇಕೋ ಗೊತ್ತಾಗಲಿಲ್ಲ.

ಟೆನ್-ಬಾಲ್‌ನಲ್ಲಿ ಇದಕ್ಕೆ ಮದ್ದು ಇದೆ. ಬಾಲ್ ಮತ್ತು ಪಾಕೆಟ್ ಹೇಳಿ ಆಡಬೇಕು. ಬ್ರೇಕ್‌ನಲ್ಲಿ ಹತ್ತನೇ ಬಾಲ್ ಬಿದ್ದರೆ ಗೆಲುವಲ್ಲ, ತೆಗೆದು ಸ್ಪಾಟ್ ಮೇಲೆ ಇಡುತ್ತಾರೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಹೇಳಿದ ಬಾಲ್ ಬೇರೆ ಪಾಕೆಟ್‌ಗೆ ಬಿದ್ದರೆ, ಅಥವಾ ಬೇರೆ ಬಾಲ್ ಬಿದ್ದರೆ, ಎದುರಾಳಿ ಬಂದು ಟೇಬಲ್ ನೋಡಿ "ನಾನೇ ಆಡ್ತೀನಿ" ಅನ್ನಬಹುದು, ಇಲ್ಲಾ "ನೀವೇ ಆಡಿ" ಅಂತ ವಾಪಸ್ ಕೊಡಬಹುದು. ಕೂತವರ ಹಕ್ಕು ಅಂದರೆ ಇದು. ಅದೃಷ್ಟದಿಂದ ಬಾಲ್ ಹಾಕಿ ಅದೃಷ್ಟದಿಂದ ಅಡಗಿಸಿ ಹೋಗುವ ಹಾಗಿಲ್ಲ. ನನಗೆ ಅಧಿಕಾರ ಕೊಟ್ಟರೆ ಪ್ರೊ ನೈನ್-ಬಾಲ್‌ಗೆ ಇದೊಂದನ್ನೇ ತರುತ್ತೇನೆ, ಬೇರೆ ಏನನ್ನೂ ಮುಟ್ಟುವುದಿಲ್ಲ.

ರೈಡ್_30ಸೆಕೆಂಡ್:

ನಾನು ಆಡುವವನಲ್ಲ, ಬರೀ ನೋಡುವವನು. ನಮ್ಮಂಥವರ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಚಿಕ್ಕಂದಿನಲ್ಲಿ ಊರ ಜಾತ್ರೆಯಲ್ಲಿ ಕಬಡ್ಡಿ ನೋಡಿ ಬೆಳೆದವನು ನಾನು. ಪ್ರೊ ಕಬಡ್ಡಿ ಬಂದಾಗ ನಮ್ಮ ದೊಡ್ಡಪ್ಪ ಇದು ಕಬಡ್ಡಿನೇ ಅಲ್ಲ ಅಂತ ಮುಖ ತಿರುಗಿಸಿದ್ದರು. ಒಂದು ರೈಡ್‌ಗೆ 30 ಸೆಕೆಂಡ್. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಅಂಕ ತರಬೇಕು ಇಲ್ಲಾ ಔಟ್. ಆ ಒಂದು ರೂಲ್‌ನಿಂದ ಸುಮ್ನೆ ಗೆರೆ ದಾಟಿ ಬಂದು ಹೋಗುವುದು ನಿಂತಿತು. ಈಗ ಬೆಂಗಳೂರು ಬುಲ್ಸ್ ಮ್ಯಾಚ್ ಇದ್ದರೆ ದೊಡ್ಡಪ್ಪನೇ ಎಲ್ಲರಿಗಿಂತ ಮುಂಚೆ ಟೀವಿ ಮುಂದೆ ಕೂರುತ್ತಾರೆ. ಬ್ಯಾಡ್ಮಿಂಟನ್ ಕೂಡ ಹಾಗೇ ಅಲ್ವಾ? ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಾಗ ಸರ್ವ್ ಮಾಡುವವರಿಗೆ ಮಾತ್ರ ಅಂಕ. 2006ರಿಂದ ಪ್ರತಿ ರ‍್ಯಾಲಿಗೂ ಅಂಕ, 21ರ ಗೇಮ್. ಆಟ ಸತ್ತಿಲ್ಲ, ಬೆಳೆದಿದೆ.

ಪೂಲ್‌ನಲ್ಲಿ ನನಗೆ ಬೇಕಾಗಿದ್ದು ಎಲ್ಲ ದೊಡ್ಡ ಟೂರ್ನಿಯಲ್ಲೂ, ಎಲ್ಲ ಟೇಬಲ್‌ನಲ್ಲೂ, ಮೊದಲ ಸುತ್ತಿನಿಂದಲೇ ಶಾಟ್ ಕ್ಲಾಕ್, ಅಂದರೆ ಒಂದೊಂದು ಹೊಡೆತಕ್ಕೂ ಸಮಯದ ಮಿತಿ. ಮಾಸ್ಕೋನಿ ಕಪ್‌ನಲ್ಲಿ 30 ಸೆಕೆಂಡ್ ಇದೆ, ಮೊದಲು 5 ರ‍್ಯಾಕ್ ಗೆದ್ದವರಿಗೆ ಪಾಯಿಂಟ್, ಬ್ರೇಕ್ ಒಬ್ಬರಾದಮೇಲೆ ಒಬ್ಬರದು. ಯುರೋಪ್ ಮತ್ತು ಅಮೆರಿಕ ತಂಡಗಳು, ಜನ ಕೂಗುತ್ತಾರೆ, ಹಾಡುತ್ತಾರೆ. ಪೂಲ್ ಗೊತ್ತಿಲ್ಲದ ನನ್ನ ಹೆಂಡತಿ ಕೂಡ ಅದನ್ನು ಕೂತು ನೋಡಿದ್ದಾಳೆ. ಜೆಸಿರೋಡ್ ಅವರೇ, ನಿಮ್ಮ ಅಪ್ಪನಿಗೆ ಅದನ್ನು ತೋರಿಸಿ.

ಬಟ್ಟೆ_ಕುಶನ್:

ನಾನು ಟೇಬಲ್ ಫಿಟ್ಟಿಂಗ್ ಕೆಲಸದವನು. ಬೆಂಗಳೂರು ಮತ್ತೆ ಸುತ್ತಮುತ್ತ ಬಟ್ಟೆ ಬದಲಾಯಿಸುವುದು, ಕುಶನ್ ರಬ್ಬರ್ ಹಾಕುವುದು, ಲೆವೆಲ್ ಮಾಡುವುದು. ರೂಲ್ ಪುಸ್ತಕ ಮುಟ್ಟುವ ಮುಂಚೆ ಎಲ್ಲರೂ ಟೇಬಲ್ ಮೇಲೆ ಒಮ್ಮೆ ಕೈಯಿಟ್ಟು ನೋಡಿ ಅಂತ ನನ್ನ ಮಾತು.

ಮನೆಯಲ್ಲಿ ಅಥವಾ ಪಾರ್ಲರ್‌ನಲ್ಲಿ ಎರಡು ಪೂಲ್ ಬಾಲ್ ತಗೊಂಡು ಪಕ್ಕಪಕ್ಕ ಇಡಿ. ಒಂದು ಬಾಲ್ 2.25 ಇಂಚು, ಎರಡು ಸೇರಿದರೆ 4.5 ಇಂಚು. ಹಳೆ ಪಾಕೆಟ್ ಬಾಯಿ ಹೆಚ್ಚುಕಮ್ಮಿ ಅಷ್ಟೇ ಇರುತ್ತಿತ್ತು, ಎರಡು ಬಾಲ್ ಒಟ್ಟಿಗೆ ಹೋಗುವಷ್ಟು. ಈಗ ವರ್ಲ್ಡ್ ನೈನ್‌ಬಾಲ್ ಟೂರ್‌ನ ದೊಡ್ಡ ಟೂರ್ನಿಗಳಲ್ಲಿ 4 ಇಂಚಿಗೆ ಇಳಿಸಿದ್ದಾರೆ. ಅರ್ಧ ಇಂಚು ಅಂದರೆ ನನ್ನ ಕಿರುಬೆರಳಿನ ಅಗಲ. ಆ ಅರ್ಧ ಇಂಚಿನಲ್ಲಿ ಆಟವೇ ಬೇರೆ. ಮೊದಲು ಪಾಕೆಟ್ ದವಡೆಗೆ ತಾಗಿದರೂ ಒಳಗೆ ಹೋಗುತ್ತಿದ್ದ ಬಾಲ್ ಈಗ ಬಾಯಲ್ಲಿ ಅಲ್ಲಾಡಿ ಹೊರಗೇ ನಿಲ್ಲುತ್ತದೆ. ಕೂತವರು ಏಳುತ್ತಾರೆ. ಯಾರ ಬ್ರೇಕನ್ನೂ ಕಿತ್ತುಕೊಳ್ಳದೆ ನಿಮಗೆ ಬೇಕಾದ್ದು ಆಯಿತಲ್ಲ.

ಇನ್ನು ಬ್ರೇಕ್ ವಿಷಯ. ಮರದ ತ್ರಿಕೋನದಲ್ಲಿ ಬಾಲ್ ಜೋಡಿಸುತ್ತಿದ್ದಾಗ ಎಲ್ಲೋ ಒಂದು ಕಡೆ ಕೂದಲಷ್ಟು ಸಂದು ಇರುತ್ತಿತ್ತು. ತೆಳು ಪ್ಲಾಸ್ಟಿಕ್ ಹಾಳೆ ಬಂದಮೇಲೆ ಬಾಲ್‌ಗಳು ಒಂದಕ್ಕೊಂದು ಅಂಟಿಕೊಂಡೇ ಕೂರುತ್ತವೆ. ಹಾಗಾಗಿ ಒಂದೇ ಜಾಗದಿಂದ ಒಂದೇ ವೇಗದಲ್ಲಿ ಹೊಡೆದರೆ ಬದಿಯ ಬಾಲ್ ಪ್ರತಿ ಸಲ ಅದೇ ಮೂಲೆಗೆ ಹೋಗಿ ಬೀಳುತ್ತದೆ. ಬ್ರೇಕ್ ಅನ್ನೋದು ಹೊಡೆತ ಆಗಿ ಉಳಿಯಲಿಲ್ಲ, ಅಳತೆ ಆಯಿತು. ಅದಕ್ಕೇ ಟೂರ್‌ನವರು ಗುಂಪಿನ ತುದಿಯಲ್ಲಿರುವ ಒಂದನೇ ಬಾಲ್ ಬದಲು ಒಂಬತ್ತನೇ ಬಾಲನ್ನು ಸ್ಪಾಟ್ ಮೇಲೆ ಇಡಲು ಶುರು ಮಾಡಿದರು. ಇಡೀ ಗುಂಪು ಸ್ವಲ್ಪ ಮುಂದಕ್ಕೆ ಬಂತು, ಬದಿಯ ಬಾಲ್ ದಾರಿ ತಪ್ಪಿತು. ಬ್ರೇಕ್ ಮಾಡುವ ಜಾಗಕ್ಕೂ ಒಂದು ಚೌಕ ಹಾಕಿದರು, ಕುಶನ್ ಬದಿಗೆ ಹೋಗಿ ಹೊಡೆಯುವ ಹಾಗಿಲ್ಲ. ಮೆತ್ತಗೆ ಹೊಡೆಯುವುದನ್ನು ತಪ್ಪಿಸಲು, ಕನಿಷ್ಠ ಮೂರು ಬಾಲ್ ಪಾಕೆಟ್‌ಗೆ ಬೀಳಬೇಕು ಇಲ್ಲಾ ಹೆಡ್ ಸ್ಟ್ರಿಂಗ್ (ಬ್ರೇಕ್ ಮಾಡುವ ಕಡೆಯ ಅಡ್ಡಗೆರೆ) ದಾಟಿ ಬರಬೇಕು ಅಂತ ಮಾಡಿದರು. ಇದೆಲ್ಲ ಒಳ್ಳೆ ಕೆಲಸ, ನನ್ನ ಲೆಕ್ಕದಲ್ಲಿ ಅರ್ಧ ರೋಗ ವಾಸಿ ಆಯಿತು.

ಒಂದು ಎಚ್ಚರಿಕೆ. ಪಾಕೆಟ್ ಇನ್ನೂ ಸಣ್ಣ ಮಾಡಿದರೆ ಯಾರೂ ಹೊಡೆಯುವ ಧೈರ್ಯ ಮಾಡುವುದಿಲ್ಲ, ಸೇಫ್ಟಿ (ಎದುರಾಳಿಗೆ ಶಾಟ್ ಸಿಗದ ಹಾಗೆ ಅಡಗಿಸುವುದು) ಮೇಲೆ ಸೇಫ್ಟಿ. ನಾಲ್ಕು ಇಂಚಿಗೆ ನಿಲ್ಲಿಸಬೇಕು. ಮತ್ತೆ ನಮ್ಮ ಊರ ಪಾರ್ಲರ್ ಮಾಲೀಕರಿಗೆ ಒಂದು ವಿನಂತಿ. ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಬಾಲ್ ಓಡುವುದಿಲ್ಲ. ಲೈಟ್ ಸ್ವಲ್ಪ ಮುಂಚೆ ಹಾಕಿ, ದಿನಾ ಬ್ರಷ್ ಮಾಡಿಸಿ. ರೂಲ್ ಎಷ್ಟು ಚೆನ್ನಾಗಿದ್ದರೂ ಒದ್ದೆ ಬಟ್ಟೆ ಮೇಲೆ ಆಟ ಬರುವುದಿಲ್ಲ.

ಜೆಸಿರೋಡ್_ಕ್ಯೂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಈ ಭಾನುವಾರ ಜಯನಗರದ ಪಾರ್ಲರ್‌ನಲ್ಲಿ ಮೂರು ಗಂಟೆ ಟೇಬಲ್ ತಗೊಂಡು ನಾವು ನಾಲ್ಕು ಜನ ಗೆಳೆಯರು ಪ್ರಯತ್ನ ಮಾಡಿದೆವು. ನಾವೇನು ಪ್ರೊ ಅಲ್ಲ, ಅದು ಗೊತ್ತು. ಆದರೂ ಕೆಲವು ವಿಷಯ ಕಣ್ಣಿಗೆ ಬಿತ್ತು.

ಮೊದಲು ನನ್ನ ಎರಡನೇ ಐಡಿಯಾ ಆಡಿದೆವು. ಬ್ರೇಕ್ ಆದಮೇಲೆ ಮೊದಲು ಯಾರು ಆಡಬೇಕು ಅಂತ ಕೂತವರು ಹೇಳುವುದು. ಮೂರು ರ‍್ಯಾಕ್ ಚೆನ್ನಾಗಿ ಹೋಯಿತು. ನಾಲ್ಕನೆಯದರಲ್ಲಿ ನನ್ನ ಗೆಳೆಯ ಬ್ರೇಕ್‌ಗೆ ನಿಂತವನು ಒಂದು ಕ್ಷಣ ಯೋಚನೆ ಮಾಡಿ, ಮೆತ್ತಗೆ ಹೊಡೆದ. ಗುಂಪು ಒಡೆಯಲೇ ಇಲ್ಲ. ನಾಲ್ಕು ಬಾಲ್ ಅಲ್ಲೇ ಗುಡ್ಡೆ, ಒಂದನೇ ಬಾಲ್ ಅದರ ಹಿಂದೆ. "ಈಗ ಹೇಳು, ನೀನಾಡ್ತೀಯಾ ನಾನಾಡ್ಲಾ?" ಅಂದ. ಯಾರು ಆಡಿದರೂ ಕಷ್ಟ. ಅಲ್ಲಿಂದ ಎಲ್ಲರೂ ಅದನ್ನೇ ಶುರು ಮಾಡಿದರು. ಕೆಟ್ಟದ್ದು ಬಂದರೆ ಎದುರಾಳಿಗೆ ಹೋಗಲಿ ಅಂತ ಬೇಕಂತಲೇ ಟೇಬಲ್ ಕೆಡಿಸುವುದು. ಬಟ್ಟೆ_ಕುಶನ್ ಅಣ್ಣ, ನೀವು ಹೇಳಿದ ಮೂರು ಬಾಲ್ ರೂಲ್ ಯಾಕೆ ಬೇಕು ಅಂತ ಆಗ ಅರ್ಥ ಆಯಿತು. ಅದನ್ನು ಸೇರಿಸಿದೆವು, ಸ್ವಲ್ಪ ಸರಿಹೋಯಿತು. ಆದರೆ ಟೇಬಲ್ ಚೆನ್ನಾಗಿ ಒಡೆದಾಗ ಬ್ರೇಕ್ ಮಾಡಿದವನಿಗೆ ಏನೂ ಸಿಗುವುದಿಲ್ಲ, ಎದುರಾಳಿ ಬಂದು ಊಟ ಮಾಡಿ ಹೋದ ಹಾಗೆ. ಅದು ನ್ಯಾಯ ಅನ್ನಿಸಲಿಲ್ಲ. ಆ ಐಡಿಯಾ ನಾನು ವಾಪಸ್ ತಗೊಳ್ಳುತ್ತೇನೆ.

ಆಮೇಲೆ ಸತತ ಎರಡರ ಮಿತಿ. ಇದು ಓಡಿತು. ನಮ್ಮಲ್ಲಿ ಒಬ್ಬ ತುಂಬಾ ಚೆನ್ನಾಗಿ ಆಡುತ್ತಾನೆ, ಅವನೇ ಗೆದ್ದ, 7–4. ಮಾಮೂಲಿ ದಿನ ಆಗಿದ್ದರೆ 7–1 ಆಗುತ್ತಿತ್ತೇನೋ. ಆದರೆ ಅವನೇ ಹೇಳಿದ ಮಾತು ನನಗೆ ತಾಗಿತು. ಎರಡನೇ ರ‍್ಯಾಕ್ ಗೆದ್ದು ಕ್ಯೂ ಕೆಳಗಿಟ್ಟು ಬಂದು ಕೂತಾಗ, "ಕೈ ಬಿಸಿ ಇತ್ತು ಕಣೋ, ಹಿಡಿದು ನಿಲ್ಲಿಸಿದ ಹಾಗಾಯ್ತು" ಅಂದ. ಕುರ್ಚಿಯಲ್ಲಿ ನನ್ನ ಕೈ ತಣ್ಣಗಾದ ಹಾಗೆ ಅವನ ಕೈಯೂ ತಣ್ಣಗಾಯಿತು. ಮಲ್ಲೇಶ್ವರ ಮೇಡಂ, ನೀವು ಹೇಳಿದ್ದು ಇದನ್ನೇ ಅಲ್ವಾ?

ಕೊನೆಗೆ ಮಾರ್ಕರ್ ಸಾರ್ ಹೇಳಿದ್ದು. ಗೆದ್ದವರದೇ ಬ್ರೇಕ್, ಆದರೆ ಒಂದು ರ‍್ಯಾಕ್‌ಗೆ ಇಬ್ಬರಿಗೂ ಒಂದೊಂದು ಪುಶ್. ನಾವು ಆಡಿದ್ದು ಆರೇ ರ‍್ಯಾಕ್, ಟೈಮ್ ಮುಗಿಯಿತು. ಐದನೆಯದನ್ನು ಹೇಳಲೇಬೇಕು. ಅವನು ಸೇಫ್ಟಿ ಆಡಿದ. ಬಿಳಿ ಬಾಲ್ ಎಂಟನೆಯದಕ್ಕೆ ಅಂಟಿಕೊಂಡಿತ್ತು, ನಾಲ್ಕನೇ ಬಾಲ್ ಟೇಬಲ್‌ನ ಇನ್ನೊಂದು ತುದಿಯಲ್ಲಿ. ಮಾಮೂಲಿ ಆಗಿದ್ದರೆ ನಾನು ಕುರುಡು ಕಿಕ್ (ಕುಶನ್‌ಗೆ ಹೊಡೆದು ಬಾಲ್ ತಾಗಿಸುವ ಶಾಟ್) ಹೊಡೆದು ಫೌಲ್ ಮಾಡಿ ಬಂದು ಕೂರುತ್ತಿದ್ದೆ. "ಪುಶ್" ಅಂದೆ. ಬಿಳಿ ಬಾಲನ್ನು ಉದ್ದ ಕುಶನ್ ಪಕ್ಕಕ್ಕೆ ಸರಿಸಿದೆ. ಅಲ್ಲಿಂದ ನಾಲ್ಕು ಕಾಣುತ್ತದೆ, ಆದರೆ ತೆಳ್ಳಗೆ, ಉದ್ದದ ಕಟ್. ಅವನು ಟೇಬಲ್ ಸುತ್ತ ಎರಡು ಸುತ್ತು ಹಾಕಿದ. ಬಗ್ಗಿ ನೋಡಿದ, ಎದ್ದ, ಮತ್ತೆ ಬಗ್ಗಿದ. ಪಕ್ಕದ ಟೇಬಲ್‌ನವರು ಆಟ ನಿಲ್ಲಿಸಿ ಬಂದು ನಿಂತರು. ಕೊನೆಗೆ "ನೀನೇ ಆಡು" ಅಂದ. ನಾನು ಹೊಡೆದೆ, ಹೋಯಿತು. ಆ ರ‍್ಯಾಕ್ ನಾನು ಗೆಲ್ಲಲಿಲ್ಲ, ಏಳನೇ ಬಾಲ್ ಮಿಸ್ ಮಾಡಿದೆ. ಆದರೂ ಆ ದಿನದ ಆಟದಲ್ಲಿ ನನಗೆ ನೆನಪಿರುವುದು ಅದೊಂದೇ ಶಾಟ್.

ಹಾಗಾಗಿ ನನ್ನ ಪ್ರಶ್ನೆಗೆ ನನ್ನ ಉತ್ತರ ಈಗ ಬದಲಾಗಿದೆ. ಬ್ರೇಕ್ ಗೆದ್ದವರದೇ ಇರಲಿ. ಪುಶ್ ಮಾತ್ರ ರ‍್ಯಾಕ್ ಪೂರ್ತಿ ಇರಬೇಕು.

ಕಾಲ್‌ಶಾಟ್_ಮಲ್ಲೇಶ್ವರ:

ಅಣ್ಣ, ಓದುವಾಗ ನನಗೂ ಎದೆ ಬಡಿದುಕೊಂಡಿತು. ಬ್ರೇಕ್ ಬಿಟ್ಟುಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ಒಂದು ಸಂದೇಹ ಇದೆ. ಪ್ರೊಗಳ ಕೈಯಲ್ಲಿ ರ‍್ಯಾಕ್ ಪೂರ್ತಿ ಪುಶ್ ಸಿಕ್ಕರೆ ಒಳ್ಳೆ ಸೇಫ್ಟಿಗೆ ಬೆಲೆ ಕಡಿಮೆ ಆಗುವುದಿಲ್ವಾ? ಫಿಲಿಪೈನ್ಸ್‌ನ ಆಟಗಾರ ಎಫ್ರೆನ್ ರೆಯೆಸ್ ಅಡಗಿದ ಬಾಲ್‌ಗೆ ಎರಡು ಮೂರು ಕುಶನ್ ಸುತ್ತಿಸಿ ಕಿಕ್ ಹೊಡೆಯುವುದನ್ನು ನೋಡಿಯೇ ನಾನು ಈ ಆಟಕ್ಕೆ ಬಂದವಳು. ಪುಶ್ ಇದ್ದರೆ ಯಾರು ಆ ಕಷ್ಟ ಪಡುತ್ತಾರೆ? ಬಾಲ್ ಸರಿಸಿಬಿಡುತ್ತಾರೆ ಅಷ್ಟೇ. ಇದರ ಬಗ್ಗೆ ಮಾರ್ಕರ್ ಸಾರ್ ಏನು ಹೇಳುತ್ತೀರಿ?

ಹಳೇ_ಮಾರ್ಕರ್:

ಸರಿಯಾದ ಜಾಗದಲ್ಲಿ ಕೈ ಇಟ್ಟೆ ಮಗಳೇ. ಆ ಭಯ ನನಗೂ ಇದೆ.

1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ರೆಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್ಲೆಂಡ್ ಮೊದಲು 120 ಗೆದ್ದವರಿಗೆ ಅಂತ ಆಡಿದರು. ರೆಯೆಸ್ 120, ಸ್ಟ್ರಿಕ್ಲೆಂಡ್ 117. 237 ರ‍್ಯಾಕ್ ಆದಮೇಲೆ ಬರೀ ಮೂರರ ಅಂತರ. ಅಷ್ಟು ಉದ್ದ ಆಡಿದರೆ ಬ್ರೇಕ್, ಫ್ಲೂಕ್, ಕುರ್ಚಿ ಎಲ್ಲವೂ ಇಬ್ಬರಿಗೂ ಸಮನಾಗಿ ಹಂಚಿ ಹೋಗುತ್ತದೆ. ನಮ್ಮ ತಮ್ಮನಿಗೆ ಆಗಿದ್ದು 7ರ ಮ್ಯಾಚ್‌ನಲ್ಲಿ. ಚಿಕ್ಕ ಮ್ಯಾಚ್‌ಗೆ ಒಂದು ರೂಲ್, ಉದ್ದ ಮ್ಯಾಚ್‌ಗೆ ಇನ್ನೊಂದು ಇರಬಹುದು ಅಂತ ಈಗ ಅನ್ನಿಸುತ್ತಿದೆ. 7ರ ಮ್ಯಾಚ್‌ಗೆ ಪುಶ್ ಕೊಡೋಣ. 15ರ ಫೈನಲ್‌ನಲ್ಲಿ ಕಿಕ್ ಹೊಡೆಯಲಿ, ರೆಯೆಸ್ ಹೊಡೆದ ಹಾಗೆ.

ಇನ್ನೊಂದು ದಾರಿಯೂ ಇದೆ. ಪುಶ್ ಮ್ಯಾಚ್‌ಗೆ ಮೂರೇ ಇರಲಿ. ಆಗ ಯಾವ ರ‍್ಯಾಕ್‌ನಲ್ಲಿ ಖರ್ಚು ಮಾಡಬೇಕು ಅಂತ ಯೋಚಿಸಬೇಕಾಗುತ್ತದೆ, ಉಳಿದ ಕಡೆ ಕಿಕ್ಕೇ ಗತಿ. ಎರಡೂ ಆಡಿ ನೋಡದೆ ಗೊತ್ತಾಗುವುದಿಲ್ಲ.

ತಮ್ಮಾ, ಮುಂದಿನ ಭಾನುವಾರ ಟೇಬಲ್ ತಗೊಂಡರೆ ನನಗೂ ಹೇಳು. ಜಯನಗರ ನನಗೆ ಮೆಟ್ರೋದಲ್ಲಿ ಸಲೀಸು. ನೀವು ನಾಲ್ಕು ಜನ ಆಡಿ, ಮಗಳೇ ನೀನೂ ಬಾ. ಸ್ಕೋರ್ ನಾನು ಬರೆಯುತ್ತೇನೆ, ಪುಶ್ ಲೆಕ್ಕಾನೂ ನಾನೇ ಇಡುತ್ತೇನೆ. ಬೆಳಗ್ಗೆ ಹತ್ತಕ್ಕೆ ಆಗಬಹುದಾ?